ಒಸಿಐ ಕಾರ್ಡ್ ಎರಡನೇ ಪೌರತ್ವ ಅಲ್ಲ

ಸಂಪಾದಕರೇ,

ಬೇರೆ ದೇಶದ ಪ್ರಜೆಯಾದ ಭಾರತ ಮೂಲದವರಿಗೆ ನಮ್ಮ ಸರ್ಕಾರ ಕೊಡುವ ಒಸಿಐ ಕಾರ್ಡನ್ನು ದಯವಿಟ್ಟು ‘ದ್ವಿಪೌರತ್ವ’ ಎಂದು ಬರೆಯಬೇಡಿ. ಇದು ಸುಮ್ನೆ ಪದದ ತಕರಾರಲ್ಲ.

ನನ್ನ ಮಗಳು ಅಮೆರಿಕದ ಪ್ರಜೆಯಾಗಿ ಆರು ವರ್ಷವಾಯಿತು. ಈಗ ಅವಳ ಕೆಲಸಕ್ಕೆ ಅಲ್ಲಿನ ಸರ್ಕಾರದ ಸೆಕ್ಯುರಿಟಿ ಕ್ಲಿಯರೆನ್ಸ್, ಅಂದರೆ ಸರ್ಕಾರದ ಗುಟ್ಟಿನ ಮಾಹಿತಿ ನೋಡಲು ಅನುಮತಿ, ಬೇಕು. ಅದಕ್ಕೆ ಎಸ್‌ಎಫ್-86 ಅಂತ ಫಾರಂ, ನೂರಕ್ಕೂ ಜಾಸ್ತಿ ಪುಟ. ಮೊನ್ನೆ ಶನಿವಾರ ಬೆಳಗ್ಗೆ ಫೋನ್ ಮಾಡಿ ನಾನು ಹುಟ್ಟಿದ ಊರು, ಅವಳಮ್ಮ ಹುಟ್ಟಿದ ತಾರೀಖು, ನಾನು ಸರ್ಕಾರಿ ನೌಕರಿಯಲ್ಲಿ ಎಲ್ಲೆಲ್ಲಿದ್ದೆ ಎಂದು ಒಂದೊಂದೇ ಕೇಳಿ ಬರೆದುಕೊಂಡಳು. ಆಮೇಲೆ, “ಅಪ್ಪಾ, ಎರಡು ಪೌರತ್ವ ಇದೆಯಾ ಅಂತ ಕೇಳಿದ್ದಾರೆ. ಒಸಿಐ ಇದೆಯಲ್ಲ, ಹೌದು ಅಂತ ಹಾಕ್ಲಾ?” ಎಂದಳು.

ನಮ್ಮ 1955ರ ಪೌರತ್ವ ಕಾಯ್ದೆಯ 9ನೇ ಕಲಂ ಪ್ರಕಾರ ಬೇರೆ ದೇಶದ ಪೌರತ್ವವನ್ನು ಇಷ್ಟಪಟ್ಟು ಪಡೆದ ದಿನವೇ ಭಾರತದ ಪೌರತ್ವ ಹೋಗುತ್ತದೆ. ಒಸಿಐ ಇದ್ದವರು ವೀಸಾ ಇಲ್ಲದೆ ಬಂದುಹೋಗಬಹುದು, ಎಷ್ಟು ದಿನ ಬೇಕಾದರೂ ಇರಬಹುದು. ವೋಟು ಹಾಕುವ ಹಾಗಿಲ್ಲ, ಹೊಲ ಗದ್ದೆ ಕೊಳ್ಳುವ ಹಾಗಿಲ್ಲ. ಅದು ಪೌರತ್ವ ಹೇಗಾಗುತ್ತದೆ? ಕಾರ್ಡ್ ಇದೆ ಅನ್ನೋದನ್ನ ಮುಚ್ಚಿಡಬೇಕು ಅಂತಲ್ಲ, ಒಸಿಐ ಅನ್ನು ಒಸಿಐ ಅಂತಲೇ ಹೇಳಬೇಕು.

ಇನ್ನು ಮನೆಯವರ ಗಾಬರಿ. ಕುವೆಂಪುನಗರದ ಮನೆ ಅವಳ ಹೆಸರಲ್ಲೂ ಇದೆ, ಬ್ಯಾಂಕಿನಲ್ಲಿ ಜಂಟಿ ಖಾತೆ ಇದೆ. ಅದನ್ನೆಲ್ಲ ಫಾರಂನಲ್ಲಿ ಹೇಳೋಕೆ ಹೋಗಬೇಡ, ಸ್ವಲ್ಪ ದಿನ ಫೋನೂ ಕಮ್ಮಿ ಮಾಡು ಎಂದು ಅವಳಿಗೆ ಹೇಳಿದ ನನ್ನ ತಮ್ಮ. ನನಗೆ ಸಿಟ್ಟೇ ಬಂತು. ಅಪ್ಪ ಅಮ್ಮ ಮೈಸೂರಿನಲ್ಲಿ ಇರೋದು ತಪ್ಪಾ? ಅಮೆರಿಕದಲ್ಲಿ 2017ರ ಜೂನ್‌ನಿಂದ ಜಾರಿಯಲ್ಲಿರುವ ನಿಯಮದಲ್ಲಿ, ನಿಜವಾಗಿ ಎರಡು ಪೌರತ್ವ ಇದ್ದರೂ ಅದೊಂದೇ ಕಾರಣಕ್ಕೆ ಕ್ಲಿಯರೆನ್ಸ್ ನಿರಾಕರಿಸುವಂತಿಲ್ಲ. ಊರಲ್ಲಿರುವ ನೆಂಟರನ್ನೋ ಆಸ್ತಿಯನ್ನೋ ಹಿಡಿದು ಯಾರಾದರೂ ಅರ್ಜಿ ಹಾಕಿದವರ ಮೇಲೆ ಒತ್ತಡ ತರಬಹುದೇ ಎಂದು ನೋಡುತ್ತಾರೆ. ಗೊತ್ತಿದ್ದೂ ಮುಚ್ಚಿಟ್ಟಿದ್ದು ಸಿಕ್ಕಿಬಿದ್ದರೆ ಮಾತ್ರ ಅದೇ ದೊಡ್ಡ ಕುತ್ತು, ಆಮೇಲೆ ಇವರ ಮಾತನ್ನು ಯಾರು ನಂಬುತ್ತಾರೆ?

ಮಗಳು ಮನೆ, ಖಾತೆ, ನಮ್ಮಿಬ್ಬರ ವಿವರ ಎಲ್ಲ ಬರೆದು ಫಾರಂ ಕಳಿಸಿದ್ದಾಳೆ. ಉತ್ತರ ಇನ್ನೂ ಬಂದಿಲ್ಲ. ದಿನಾ ರಾತ್ರಿ ಫೋನ್ ಮಾತ್ರ ಮೊದಲಿನ ಹಾಗೇ ಬರುತ್ತಿದೆ.

– ಒಬ್ಬ ಓದುಗ, ಮೈಸೂರು