ಫಿಸಿಕಲ್ ಕೆಮಿಸ್ಟ್ರಿ ಲ್ಯಾಬಿನಲ್ಲಿ ನನ್ನ ಜೊತೆ ನಿಂತವರಿಗೆ

ಮೊನ್ನೆ ರಿಸಲ್ಟ್ ಬಂತು. ಎಂ.ಎಸ್ಸಿ. ಫಿಸಿಕಲ್ ಕೆಮಿಸ್ಟ್ರಿ ಪ್ರಾಕ್ಟಿಕಲ್ ಪಾಸಾಗಿದೆ. ಹೋದ ಸಲ ಇದರಲ್ಲೇ ಫೇಲಾಗಿದ್ದೆ. ಅವತ್ತು ಮೈಸೂರಿನಿಂದ ಮಂಡ್ಯದವರೆಗೂ ಟ್ರೈನಿನ ಕಿಟಕಿ ಕಡೆ ಮುಖ ತಿರುಗಿಸಿ ಅತ್ತಿದ್ದೆ. ಇವತ್ತು ಅದೇ ಟ್ರೈನಿನಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ.

ಕಂಡಕ್ಟೋಮೀಟರ್, ಪೊಟೆನ್ಶಿಯೋಮೀಟರ್ ಉಪಕರಣಗಳ ಪ್ರಯೋಗಗಳು ನನಗೆ ಅಷ್ಟು ಕಷ್ಟ ಕೊಡಲಿಲ್ಲ. ನನ್ನನ್ನು ಕೆಡವಿದ್ದು ಮೀಥೈಲ್ ಅಸಿಟೇಟ್ ಅನ್ನುವ ಎಸ್ಟರ್. ಅದು ಆಸಿಡ್‌ನಲ್ಲಿ ಎಷ್ಟು ವೇಗವಾಗಿ ಒಡೆಯುತ್ತದೆ ಅಂತ ಅಳೆಯುವ ಪ್ರಯೋಗ. 100 ಎಂ.ಎಲ್. ಹೈಡ್ರೋಕ್ಲೋರಿಕ್ ಆಸಿಡ್‌ಗೆ 5 ಎಂ.ಎಲ್. ಎಸ್ಟರ್ ಹಾಕಬೇಕು. ಹತ್ತು ನಿಮಿಷಕ್ಕೊಮ್ಮೆ 5 ಎಂ.ಎಲ್. ತೆಗೆದು, ರಿಯಾಕ್ಷನ್ ನಿಧಾನವಾಗಲಿ ಅಂತ ಐಸ್ ನೀರಿಗೆ ಬಿಡಬೇಕು. ಬೇಸ್ ಹೆಚ್ಚಾದರೆ ಪಿಂಕ್ ಆಗುವ ಫಿನಾಲ್ಫ್ಥಲೀನ್ ಹಾಕಿ, ಆಸಿಡ್ ಎಷ್ಟಿದೆ ಅಂತ ತಿಳಿಯಲು ಸೋಡಿಯಂ ಹೈಡ್ರಾಕ್ಸೈಡ್ ಅನ್ನುವ ಬೇಸನ್ನು ಹನಿಹನಿಯಾಗಿ ಬಿಟ್ಟು ಟೈಟ್ರೇಟ್ ಮಾಡಬೇಕು. ಹೇಳಿದರೆ ಇಷ್ಟೇ. ಆದರೆ ನನ್ನ ಫ್ಲಾಸ್ಕಿನಲ್ಲಿ ಪಿಂಕ್ ಬಣ್ಣ ಬರುತ್ತಿತ್ತು, ನೋಡನೋಡುತ್ತಲೇ ಹೋಗಿಬಿಡುತ್ತಿತ್ತು. ಎಂಡ್ ಪಾಯಿಂಟ್, ಅಂದರೆ ಆಸಿಡ್ ಪೂರ್ತಿ ಮುಗಿಯುವ ಹಂತ, ಇನ್ನೂ ಬಂದಿಲ್ಲ ಅಂದುಕೊಂಡು ಇನ್ನೊಂದು ಹನಿ, ಮತ್ತೊಂದು ಹನಿ ಹಾಕುತ್ತಲೇ ಇದ್ದೆ. ನೇರ ಗೆರೆ ಬರಬೇಕಾದ ಗ್ರಾಫಿನಲ್ಲಿ ಚುಕ್ಕಿಗಳು ಚೆಲ್ಲಾಪಿಲ್ಲಿ.

ಫೇಲಾದ ಮೇಲೆ ಮೇಡಂ ಹತ್ತಿರ ಹೋದೆ. ಅವರು ಬೈಯಲಿಲ್ಲ. ಪಕ್ಕದ ಸ್ಟೂಲ್ ಎಳೆದು ಕೂತರು.

"ಫ್ಲಾಸ್ಕಿನಲ್ಲಿ ಇನ್ನೂ ಏನು ಉಳಿದಿದೆಯಮ್ಮ?"

"ಎಸ್ಟರ್, ಮೇಡಂ."

"ಅದಕ್ಕೆ ಬೇಸ್ ಸಿಕ್ಕರೆ ಸುಮ್ನೆ ಇರುತ್ತಾ?"

ಆಗ ಹೊಳೆಯಿತು. ಉಳಿದ ಎಸ್ಟರ್ ನಾನು ಜಾಸ್ತಿ ಹಾಕಿದ ಬೇಸನ್ನು ತಿನ್ನುತ್ತಿತ್ತು, ಅದಕ್ಕೇ ಬಣ್ಣ ಹೋಗುತ್ತಿತ್ತು. ಅಲ್ಲಾಡಿಸಿದ ಮೇಲೂ ಕೆಲವು ಸೆಕೆಂಡ್ ನಿಲ್ಲುವ ಮೊದಲ ತಿಳಿ ಪಿಂಕ್, ಅದೇ ರೀಡಿಂಗ್. ಮೇಡಂ, ನೀವು ಉತ್ತರ ಹೇಳಿಬಿಡದೆ ನನ್ನ ಬಾಯಿಂದಲೇ ಬರಿಸಿದಿರಿ. ಅದನ್ನು ನಾನು ಮರೆಯುವುದಿಲ್ಲ.

ಭಾನುವಾರ ಊರಿನ ಆಲೆಮನೆಯಲ್ಲಿ ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ಅಪ್ಪ ಕೊಪ್ಪರಿಗೆಯಿಂದ ಒಂದಿಷ್ಟು ಪಾಕ ತೆಗೆದು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ತೋರಿಸಿದರು. "ನಾವೂ ತಣ್ಣೀರಲ್ಲೇ ಹದ ನೋಡೋದು ಅಲ್ವಾ ಮಗಳೇ? ಹದ ಬಂದಮೇಲೆ ಇಳಿಸೋಕೆ ತಡ ಮಾಡಿದ್ರೆ ಬೆಲ್ಲ ಕೆಡುತ್ತೆ" ಅಂದರು. ಅಪ್ಪ ಕಾಲೇಜು ಮೆಟ್ಟಿಲು ಹತ್ತಿದವರಲ್ಲ. ಅವತ್ತಿನಿಂದ ಐಸ್ ನೀರು ನೋಡಿದಾಗಲೆಲ್ಲ ನನಗೆ ಅವರ ಬೆರಳೇ ಕಾಣುತ್ತದೆ.

ಅಟೆಂಡರ್ ಅಣ್ಣ, ನಿಮಗೆ ಏನು ಹೇಳಲಿ? ಐಸ್ ಮುಗಿದಾಗ ಪಕ್ಕದ ಡಿಪಾರ್ಟ್‌ಮೆಂಟಿನಿಂದ ತಂದುಕೊಟ್ಟಿರಿ. ಸೋರುತ್ತಿದ್ದ ಬ್ಯೂರೆಟ್‌ಗೆ ಗ್ರೀಸ್ ಹಚ್ಚಿಕೊಟ್ಟಿರಿ. ಎಸ್ಟರ್ ಎಲ್ಲ ಒಡೆದು ಮುಗಿದ ಮೇಲೆ ತೆಗೆಯುವ ಕೊನೆಯ ಇನ್ಫಿನಿಟಿ ರೀಡಿಂಗ್‌ಗೆ ದ್ರಾವಣ ಬಿಸಿ ಮಾಡಿ ತಣ್ಣಗಾಗಿಸಬೇಕು. ಲ್ಯಾಬ್ ಮುಗಿದ ಮೇಲೂ ವಾಟರ್ ಬಾತ್ ಆರಿಸದೆ, ಬೀಗ ಹಿಡಿದುಕೊಂಡೇ ಬಾಗಿಲಲ್ಲಿ ಕಾದಿರಿ.

ಇನ್ನು ನನ್ನ ಲ್ಯಾಬ್ ಪಾರ್ಟ್‌ನರ್. ಅವಳು ಮೊದಲ ಸಲವೇ ಪಾಸಾಗಿದ್ದಳು. ಆದರೂ ಬಂದು ಗಡಿಯಾರ ಹಿಡಿದು ನಿಲ್ಲುತ್ತಿದ್ದಳು. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಕೂತು ಲಾಗ್ ತೆಗೆಯುವುದು, ವೇಗ ತಿಳಿಯಲು ಗ್ರಾಫಿನ ಗೆರೆಯ ಸ್ಲೋಪನ್ನು 2.303ರಿಂದ ಗುಣಿಸುವುದು, ಎಲ್ಲ ಮಾಡಿಸಿದಳು. ಒಂದು ದಿನ 40ನೇ ನಿಮಿಷದ ರೀಡಿಂಗ್ ಗೆರೆಯಿಂದ ಆಚೆ ಬಿತ್ತು. ನಾನು ಸದ್ದಿಲ್ಲದೆ ರಬ್ಬರ್ ಎತ್ತಿಕೊಂಡೆ. ಅವಳು ನೋಟ್‌ಬುಕ್ ಮೇಲೆ ಕೈ ಇಟ್ಟಳು. "ಇರಲಿ ಬಿಡೇ. ಬಂದದ್ದನ್ನೇ ಬರಿ."

ಪರೀಕ್ಷೆಯಲ್ಲೂ ಒಂದು ಚುಕ್ಕಿ ಆಚೆ ಬಿತ್ತು. ವೈವಾದಲ್ಲಿ ಪರೀಕ್ಷಕರು ಅದನ್ನೇ ಕೇಳಿದರು. "ಪಿಪೆಟ್ ತೆಗೆಯುವುದು ಅರ್ಧ ನಿಮಿಷ ತಡವಾಯಿತು ಸರ್" ಅಂದೆ. ಅವರು ತಲೆ ಆಡಿಸಿ ಮುಂದಿನ ಪ್ರಶ್ನೆಗೆ ಹೋದರು. ಆ ಉತ್ತರ ಕೊಡುವ ಧೈರ್ಯ ನಿನ್ನಿಂದ ಬಂದದ್ದು ಕಣೇ.

ಸೋಮವಾರ ಅಪ್ಪ ಕಟ್ಟಿಕೊಟ್ಟ ಅಚ್ಚು ಬೆಲ್ಲ ತರುತ್ತಿದ್ದೇನೆ. ಲ್ಯಾಬಿನೊಳಗೆ ತಿನ್ನುವ ಹಾಗಿಲ್ಲ. ಮಧ್ಯಾಹ್ನ ಹೊರಗಿನ ಕಟ್ಟೆ ಹತ್ತಿರ ಎಲ್ಲರೂ ಬನ್ನಿ. ಅಟೆಂಡರ್ ಅಣ್ಣ, ನಿಮ್ಮ ಮನೆಗೆ ಬೇರೆ ಕಟ್ಟಿಸಿದ್ದೇನೆ.