ಕಪ್ಪು ಬಿಳುಪು ಕೇಶವನಿಗೆ ಬಣ್ಣ ಬೇಕೇ?

ಮಾನ್ಯರೇ,

ಅಜ್ಜನ ಟ್ರಂಕಿನಲ್ಲಿ ಈಚೆಗೆ ಒಂದು ಕಪ್ಪು ಬಿಳುಪು ಫೋಟೊ ಸಿಕ್ಕಿತು. ನಮ್ಮ ಗೂಳೂರಿನ ಪಕ್ಕದ ಕೈದಾಳದ ಚೆನ್ನಕೇಶವ. ಹಿಂಬದಿಯಲ್ಲಿ ಪೆನ್ಸಿಲ್‌ನಲ್ಲಿ 'ಕೈದಾಳ' ಅಂತ ಮಾತ್ರ ಇದೆ. ಇಸವಿ ಇಲ್ಲ, ತೆಗೆದವರ ಹೆಸರೂ ಇಲ್ಲ.

ಬೆಳಕು ಒಂದು ಪಕ್ಕದಿಂದ ಬಿದ್ದಿದೆ. ಹಾಗಾಗಿ ಪ್ರಭಾವಳಿಯ ದಶಾವತಾರಗಳು ಒಂದೊಂದಾಗಿ ಎದ್ದು ಕಾಣುತ್ತವೆ. ದೇವಸ್ಥಾನಕ್ಕೆ ಎಷ್ಟೋ ಸಲ ಹೋಗಿದ್ದೇನೆ. ಹೂವು, ವಸ್ತ್ರದ ಅಲಂಕಾರದ ನಡುವೆ ಇಷ್ಟು ಸೂಕ್ಷ್ಮ ಕೆತ್ತನೆ ನಾನು ಗಮನಿಸಿರಲೇ ಇಲ್ಲ! ಗುಡಿ ಸುಮಾರು 1150ರದ್ದು, ಹೊಯ್ಸಳರ ಕಾಲ. ಬೇಲೂರಿನಲ್ಲಿ ಕೈ ಕಡಿದುಕೊಂಡ ಜಕಣಾಚಾರಿಗೆ ಇಲ್ಲೇ ಕೈ ಮರಳಿ ಬಂತು, ಅದಕ್ಕೇ ಊರಿಗೆ ಈ ಹೆಸರು ಅನ್ನುವುದು ಐತಿಹ್ಯ. ಅಜ್ಜ ಅದನ್ನು ಕಣ್ಣಾರೆ ಕಂಡವರ ಹಾಗೆ ಹೇಳುತ್ತಿದ್ದರು.

ಪ್ರತಿ ತೆಗೆಸಲು ಒಂದು ಸ್ಟುಡಿಯೊಗೆ ಕೊಟ್ಟೆ. ಕೇಳದೇ ಬಣ್ಣ ಹಾಕಿಬಿಟ್ಟರು. ಕರಿಕಲ್ಲಿನ ಕೇಶವನಿಗೆ ಕೆಂಪು ತುಟಿ, ನೀಲಿ ಮೈ! ಪ್ರಭಾವಳಿಯ ವರಾಹನಂತೂ ಚಿನ್ನದ ಬಣ್ಣದಲ್ಲಿ ಕರಗಿಹೋದ. 'ಹೀಗಿದ್ರೇ ಚೆನ್ನಾಗಿರುತ್ತೆ ಅಲ್ವಾ ಸಾರ್' ಅಂದರು. ದುಡ್ಡು ಕೊಟ್ಟು ಸುಮ್ನೆ ಬಂದೆ.

ಜಿಲ್ಲೆಯ ಮನೆಮನೆಗಳಲ್ಲಿ ಇಂಥ ಫೋಟೊಗಳು ಇನ್ನೂ ಇರಬಹುದು. ನಿಮ್ಮ ಪತ್ರಿಕೆ ವಾರಕ್ಕೊಂದನ್ನು ಇದ್ದ ಹಾಗೇ, ಬಣ್ಣ ಹಾಕದೆ ಪ್ರಕಟಿಸಬಾರದೇ? ನನ್ನದನ್ನು ನಾನೇ ಕಚೇರಿಗೆ ತಂದು ತೋರಿಸುತ್ತೇನೆ. ಸ್ಕ್ಯಾನ್ ಮಾಡಿಕೊಂಡು ಅಲ್ಲೇ ವಾಪಸ್ ಕೊಟ್ಟರೆ ಸಾಕು.

– ಒಬ್ಬ ಓದುಗ, ತುಮಕೂರು