ಪಾರ್ಲರ್‌ನಲ್ಲಿ ಸೂಜಿ ಹಿಡಿದವರು ಯಾರು?

ಮಾನ್ಯ ಸಂಪಾದಕರೇ,

ಮೈಸೂರಿನ ನಮ್ಮ ಬಡಾವಣೆಯ ಬ್ಯೂಟಿ ಪಾರ್ಲರ್‌ಗಳ ದರಪಟ್ಟಿಯಲ್ಲಿ ಫೇಶಿಯಲ್, ವ್ಯಾಕ್ಸಿಂಗ್‌ಗಳ ಕೆಳಗೆ ಈಗ ಬೊಟಾಕ್ಸ್, ಫಿಲ್ಲರ್, ಸೆಲ್ಯುಲೈಟ್ ನಿವಾರಣೆ ಎಂಬ ಸಾಲುಗಳೂ ಸೇರಿಕೊಂಡಿವೆ. ಮಗಳ ಮದುವೆಗೆ ಮುನ್ನ ಹಣೆಯ ನೆರಿಗೆ ತೆಗೆಸಿಕೊಳ್ಳಬೇಕೆಂದಿದ್ದ ನನ್ನ ಅತ್ತಿಗೆಯ ಜೊತೆ ಕಳೆದ ತಿಂಗಳು ಅಂಥ ಒಂದು ಕಡೆ ಹೋಗಿದ್ದೆ. ಹುಬ್ಬು ತಿದ್ದುತ್ತಿದ್ದ ಹುಡುಗಿಯೇ ದಾರ ಬದಿಗಿಟ್ಟು, ಫ್ರಿಜ್ಜಿನಲ್ಲಿ ಮೊಸರಿನ ಡಬ್ಬಿಯ ಪಕ್ಕ ಇದ್ದ, ಲೇಬಲ್ಲೇ ಇಲ್ಲದ ಪುಟ್ಟ ಸೀಸೆಯನ್ನು ತಂದಳು. ಡಾಕ್ಟರು ಯಾರೆಂದು ಕೇಳಿದ್ದಕ್ಕೆ, ‘ನನಗೇ ಎರಡು ದಿನ ಟ್ರೈನಿಂಗ್ ಆಗಿದೆ ಆಂಟಿ’ ಎಂದಳು. ನಾವು ಎದ್ದು ಬಂದೆವು.

ಬೊಟಾಕ್ಸ್ ಸ್ನಾಯುವನ್ನು ಮೂರು ನಾಲ್ಕು ತಿಂಗಳ ಮಟ್ಟಿಗೆ ಸಡಿಲಗೊಳಿಸುವ ಔಷಧ; ತಪ್ಪು ಜಾಗಕ್ಕೆ ಹೋದರೆ ರೆಪ್ಪೆ ವಾರಗಟ್ಟಲೆ ಜೋತುಬೀಳುತ್ತದೆ. ಸುಕ್ಕು, ಗುಳಿ ತುಂಬಲು ಚರ್ಮದಡಿ ಚುಚ್ಚುವ ಜೆಲ್ ಆದ ಫಿಲ್ಲರ್ ಇನ್ನೂ ಅಪಾಯಕಾರಿ: ಅದು ರಕ್ತನಾಳಕ್ಕೆ ಹೊಕ್ಕರೆ ಚರ್ಮ ಸಾಯಬಹುದು, ದೃಷ್ಟಿಯೇ ಹೋಗಬಹುದು, ಹಾಗಾದಾಗ ಅದನ್ನು ಕರಗಿಸುವ ಹಯಲುರಾನಿಡೇಸ್ ಚುಚ್ಚುಮದ್ದು ಮತ್ತು ಅದನ್ನು ಕೊಡಬಲ್ಲ ವೈದ್ಯರು ಅಲ್ಲೇ ಇರಬೇಕು. ಇನ್ನು ಸೆಲ್ಯುಲೈಟ್ ರೋಗವೇ ಅಲ್ಲ. ಚರ್ಮವನ್ನು ಕೆಳಗೆ ಎಳೆದು ಹಿಡಿಯುವ ನಾರುಗಳ ನಡುವೆ ಕೊಬ್ಬು ಉಬ್ಬಿ ಮೂಡುವ ಈ ಗುಳಿಗಳು ಪ್ರಾಯಕ್ಕೆ ಬಂದ ಬಹುಪಾಲು ಹೆಂಗಸರ ತೊಡೆಗಳಲ್ಲಿ, ತೆಳ್ಳಗಿರುವವರಲ್ಲಿಯೂ, ಇರುತ್ತವೆ. ಇದಕ್ಕೆಂದೇ ಅಮೆರಿಕದಲ್ಲಿ 2020ರಲ್ಲಿ ಅನುಮತಿ ಪಡೆದ ‘ಕ್ವೋ’ ಎಂಬ ಚುಚ್ಚುಮದ್ದನ್ನು, ರಕ್ತ ಹೆಪ್ಪುಗಟ್ಟಿದ ಗುರುತು ಮತ್ತು ಉಳಿದುಬಿಡುವ ಕಲೆಗಳ ಆತಂಕದಿಂದ 2022ರ ಕೊನೆಯಲ್ಲಿ ತಯಾರಕರೇ ನಿಲ್ಲಿಸಿದರು. ಹೀಗಿರುವಾಗ ಹತ್ತು ಸಿಟ್ಟಿಂಗ್ ಮಸಾಜಿನಲ್ಲಿ ಶಾಶ್ವತ ಪರಿಹಾರ ಎಂದು ಸಾವಿರಾರು ರೂಪಾಯಿ ಮುಂಗಡ ಕಟ್ಟಿಸಿಕೊಳ್ಳುವುದು ಮೋಸವೆಂದೇ ನನ್ನ ಭಾವನೆ.

2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಯುವ ಶಸ್ತ್ರಚಿಕಿತ್ಸೆಯ ಬಳಿಕ ಕಿರುತೆರೆಯ ಯುವನಟಿಯೊಬ್ಬರು ತೀರಿಕೊಂಡಾಗ ನಾವೆಲ್ಲ ಮರುಗಿದ್ದೆವು. ಸೌಂದರ್ಯ ಚಿಕಿತ್ಸೆಗಳನ್ನು ಕಾರ್ಯಾಗಾರದಲ್ಲೋ ಯೂಟ್ಯೂಬ್‌ನಲ್ಲೋ ನೋಡಿ ಕಲಿತರೆ ಸಾಲದೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ ಅದೇ ವರ್ಷ ಮಾರ್ಗಸೂಚಿಯಲ್ಲಿ ಹೇಳಿತು. ವೈದ್ಯರಿಗೇ ಈ ಕಟ್ಟಳೆ ಇರುವಾಗ ಪಾರ್ಲರ್‌ಗಳನ್ನು ಕೇಳುವವರಿಲ್ಲವೇ? ನಮ್ಮ ರಾಜ್ಯದಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ ನೋಂದಣಿಗೆ 2007ರ ಕೆಪಿಎಂಇ ಕಾಯ್ದೆಯಿದೆ. ಜಿಲ್ಲಾ ಆರೋಗ್ಯ ಇಲಾಖೆಯವರು ಸೂಜಿ ಬಳಸುವ ಪಾರ್ಲರ್‌ಗಳಿಗೆ ಮುನ್ಸೂಚನೆಯಿಲ್ಲದೆ ಭೇಟಿ ಕೊಟ್ಟು, ನೋಂದಣಿ ಮತ್ತು ವೈದ್ಯರಿಲ್ಲದ ಕಡೆ ಈ ಚಿಕಿತ್ಸೆಗಳನ್ನು ಕೂಡಲೇ ನಿಲ್ಲಿಸಬೇಕು.

ಅತ್ತಿಗೆ ಆಮೇಲೆ ಚರ್ಮರೋಗ ತಜ್ಞೆಯನ್ನು ಕಂಡರು. ಆ ವೈದ್ಯೆ ಮೊದಲು ಬರೆದುಕೊಟ್ಟದ್ದು ದಿನವೂ ಹಚ್ಚುವ ಸನ್‌ಸ್ಕ್ರೀನ್. ತಮ್ಮಲ್ಲೂ ಒಂದು ವಿನಂತಿ: ಪತ್ರಿಕೆಯ ಪುರವಣಿಯಲ್ಲಿ ಇಂಥ ಜಾಹೀರಾತು ಅಚ್ಚಾಗುವ ಮುನ್ನ ಚಿಕಿತ್ಸೆ ಕೊಡುವ ವೈದ್ಯರ ಹೆಸರು ಮತ್ತು ನೋಂದಣಿ ಸಂಖ್ಯೆಯನ್ನು ಕೇಳಿ ಪಡೆಯಿರಿ.

– ಓದುಗರೊಬ್ಬರು, ಮೈಸೂರು